ಕಾಫಿಗೂ ಕಾಯಿಲೆಗೂ ಒಂದೇ ‘ಕ್ಯೂರ್’

ಪ್ರಶ್ನೆ: ಜ್ವರ ವಾಸಿಯಾದರೆ ‘ಕ್ಯೂರ್ ಆಯಿತು’ ಅಂತೀವಿ. ಕಾಫಿಯನ್ನೂ ಕ್ಯೂರಿಂಗ್‌ಗೆ ಕಳಿಸ್ತೀವಿ, ತಾರಸಿಗೆ ನೀರು ಕಟ್ಟೋದಕ್ಕೂ ಕ್ಯೂರಿಂಗ್ ಅಂತೀವಿ. ಇವಕ್ಕೆಲ್ಲ ಏನು ನಂಟು?
– ಓದುಗರು, ಚಿಕ್ಕಮಗಳೂರು

ಉತ್ತರ: ಮೂಲ ಲ್ಯಾಟಿನ್ನಿನ ‘ಕೂರಾ’. ಆರೈಕೆ, ಚಿಂತೆ ಎರಡೂ ಅದರ ಅರ್ಥ. ನಮ್ಮ ‘ಕಾಳಜಿ’ ಅದಕ್ಕೆ ಹತ್ತಿರ. ಕ್ರಿಯಾಪದ ‘ಕೂರಾರೆ’, ಅಂದರೆ ನೋಡಿಕೊಳ್ಳು. ಫ್ರೆಂಚ್ ಹಾದು 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್‌ಗೆ ಬಂತು. ಊರ ಜನರ ಆತ್ಮಗಳ ಹೊಣೆ ಪಾದ್ರಿಯದು ಎನ್ನುವಾಗಲೂ ಆಗ ಇದೇ ಪದ. ‘ಕ್ಯುರೇಟ್’ ಎಂಬ ಪಾದ್ರಿ ಹುದ್ದೆಯ ಹೆಸರು ಅಲ್ಲಿಂದಲೇ ಬಂದದ್ದು. ಮೀನು, ಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಕೊಟ್ಟು ಕೆಡದಂತೆ ಇಡುವುದಕ್ಕೆ ‘ಕ್ಯೂರ್’ ಅಂದದ್ದು 17ನೇ ಶತಮಾನದಲ್ಲಿ. ನಿಮ್ಮ ಕಾಫಿಯ ಕ್ಯೂರಿಂಗ್ ಈ ಕವಲಿನದು, ವೈದ್ಯರ ಕವಲಿನದಲ್ಲ. ಹಸಿ ಸರಕನ್ನು ಕೆಡಗೊಡದೆ ಹದಕ್ಕೆ ತರುವುದು ಅದರ ತಿರುಳು.

ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪಾರ್ಚ್‌ಮೆಂಟ್‌ನ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಕಲ್ಲು, ಕಸ ತೆಗೆದು, ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸಿ, ಪಾಲಿಷ್ ಮಾಡಿ, ಜರಡಿಯಲ್ಲಿ ಗಾತ್ರದಂತೆ ಎ, ಬಿ, ಸಿ, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಎಂದು ಬೇರ್ಪಡಿಸುತ್ತಾರೆ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಸುಮಾರು 40 ಕೆ.ಜಿ. ಬೀಜ ಸಿಗುತ್ತದೆ. ಆದರೆ ಹದ ಕೆಡುವುದು ಬಹುಪಾಲು ಅದಕ್ಕೂ ಮುಂಚೆ, ತೋಟದ ಕಣದಲ್ಲಿ. ಒಣಗು ಸಾಲದಿದ್ದರೆ ಬೀಜ ಚೀಲದಲ್ಲೇ ಬೂಸ್ಟು ಹಿಡಿದು ಬಣ್ಣಗೆಡುತ್ತದೆ. ಅತಿಯಾಗಿ ಒಣಗಿದ್ದು ಹಲ್ಲರ್‌ನಲ್ಲಿ ಒಡೆದು ‘ಬಿಟ್ಸ್’ (ಚೂರು ಬೀಜ) ಪಾಲಾಗುತ್ತದೆ. ರಾಮನಾಥಪುರದ ಕಡೆ ಬ್ಯಾರನ್‌ನಲ್ಲಿ (ಬೆಂಕಿಯ ಕಾವಿನಲ್ಲಿ ಎಲೆ ಒಣಗಿಸುವ ಮನೆ) ಹೊಗೆಸೊಪ್ಪು ಹದ ಮಾಡುವುದೂ ಇದೇ ಅರ್ಥದ ಕ್ಯೂರಿಂಗ್. ಎಲೆ ಹಳದಿಗೆ ತಿರುಗುವ ಮೊದಲೇ ಬೆಂಕಿ ಜೋರು ಮಾಡಿದರೆ ಹಸಿರು ಹಾಗೇ ಉಳಿದು ದರ ಬೀಳುತ್ತದೆ.

ತಾರಸಿಯದು ಕೊಂಚ ತಮಾಷೆ. ಕಾಫಿಯನ್ನು ಒಣಗಿಸಬೇಕು, ಕಾಂಕ್ರೀಟನ್ನು ಒಣಗಲು ಬಿಡಬಾರದು. ಹೆಸರು ಮಾತ್ರ ಎರಡಕ್ಕೂ ಒಂದೇ. ಸಿಮೆಂಟು ಗಟ್ಟಿಯಾಗುವುದು ನೀರು ಆರಿ ಅಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿ. ಬೇಗ ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಂತು ಮೇಲ್ಮೈ ಸೀಳುತ್ತದೆ, ಪುಡಿ ಏಳುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕು. ಒದ್ದೆ ಗೋಣಿತಾಟನ್ನು ದಿನಕ್ಕೊಮ್ಮೆ ನೆನೆಸಿ ಮರೆಯುವವರೇ ಹೆಚ್ಚು. ಬಿಸಿಲಿದ್ದರೆ ಅದು ಏತಕ್ಕೂ ಸಾಲದು.

ಪ್ರಶ್ನೆ: ಹಾಗಾದರೆ ಇಂಗ್ಲಿಷಿನ ‘ಕೇರ್’ ಕೂಡ ‘ಕೂರಾ’ದಿಂದಲೇ ಬಂತೇ?
– ಓದುಗರು, ಸಕಲೇಶಪುರ

ಉತ್ತರ: ಇಲ್ಲ. ಅರ್ಥ, ಉಲಿ ಎರಡೂ ಹೊಂದುವುದರಿಂದ ಹಾಗನ್ನಿಸುತ್ತದೆ, ಆದರೆ ‘ಕೇರ್’ ಜರ್ಮಾನಿಕ್ ಮೂಲದ್ದು. ‘ಕೂರಾ’ದ ಮಕ್ಕಳು ಬೇರೆ. ‘ಸೆಕ್ಯೂರ್’ ಅಂದರೆ ಚಿಂತೆಯಿಲ್ಲದ್ದು. ಅದೇ ಫ್ರೆಂಚರ ಬಾಯಲ್ಲಿ ಸವೆದು ‘ಶೂರ್’ ಆಯಿತು. ‘ಆಕ್ಯುರೇಟ್’ ಅಂದರೆ ಕಾಳಜಿಯಿಂದ ಮಾಡಿದ್ದು. ಸರ್ಕಾರ ರಾಗಿ ‘ಪ್ರೊಕ್ಯೂರ್’ ಮಾಡುತ್ತದಲ್ಲ, ಅದು ಮೊದಲಿಗೆ ಇನ್ನೊಬ್ಬರ ಪರವಾಗಿ ನೋಡಿಕೊಳ್ಳು ಎಂಬರ್ಥದ್ದು. ಸಂಬಳ ಉಂಟು, ಕೆಲಸವಿಲ್ಲ ಎಂಬ ಹುದ್ದೆಗೆ ‘ಸೈನೆಕ್ಯೂರ್’. ಬಾಣಕ್ಕೆ ಸವರುವ ದಕ್ಷಿಣ ಅಮೆರಿಕದ ವಿಷ ‘ಕ್ಯುರಾರೆ’ಗೆ ಮಾತ್ರ ಈ ಮನೆತನ ಸೇರದು, ಅದು ಅಲ್ಲಿನ ಮೂಲನಿವಾಸಿಗಳ ಮಾತು.

ಪ್ರಶ್ನೆ: ‘ಕ್ಯೂರ್ಡ್ ಫ್ರಮ್ ಫೀವರ್’ ಸರಿಯೇ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ‘ಕ್ಯೂರ್ಡ್ ಆಫ್’ ಎಂದು ಬರೆಯಮ್ಮ. ‘ಫ್ರಮ್’ ಬೇಕಾದರೆ ‘ರಿಕವರ್ಡ್ ಫ್ರಮ್’ ಹಾಕು. ‘ಜ್ವರದಿಂದ’ ಎಂಬ ಕನ್ನಡದ ವಿಭಕ್ತಿ ಕೈಹಿಡಿದು ಎಳೆಯುವುದರಿಂದ ಈ ತಪ್ಪು ಆಗುತ್ತದೆ. ಇನ್ನು, ‘ಟ್ರೀಟ್’ ಅಂದರೆ ಚಿಕಿತ್ಸೆ ಕೊಡು ಎಂದಷ್ಟೇ. ಗುಣವಾದರೆ ಮಾತ್ರ ‘ಕ್ಯೂರ್’. ಗಾಯ ಮಾಯುವುದಕ್ಕೆ, ಮೂಳೆ ಕೂಡುವುದಕ್ಕೆ ‘ಹೀಲ್’ ಬಳಸು.