ದುಬಾರಿ ಊಲಾಂಗ್ ಟೀ ಮನೆಯಲ್ಲಿ ಮಾಡಿದರೆ ಯಾಕೆ ಸಪ್ಪೆಯಾಗುತ್ತದೆ?

ತೈವಾನ್‌ನಿಂದ ಬಂದ ನೆಂಟರು ಒಂದು ಡಬ್ಬಿ ಡಾಂಗ್ ಡಿಂಗ್ ಊಲಾಂಗ್, ಅಂದರೆ ಗ್ರೀನ್ ಟೀಗೂ ನಮ್ಮ ಮಾಮೂಲಿ ಟೀಗೂ ನಡುವಿನ ಒಂದು ಬಗೆಯ ಟೀ, ಕೊಟ್ಟಿದ್ದಾರೆ ಅಂದಿರಿ. ಗ್ರೀನ್ ಟೀ ಥರ ಸ್ವಲ್ಪ ಆರಿಸಿದ ನೀರಿಗೆ ಒಂದು ಚಮಚ ಹಾಕಿ ಮೂರು ನಿಮಿಷ ಬಿಟ್ಟಿದ್ದೀರಿ. ರುಚಿಯೇ ಇಲ್ಲ, ಇದಕ್ಕೆ ಇಷ್ಟೊಂದು ಬೆಲೆ ಯಾಕೆ, ಹಾಲು ಹಾಕಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ಹಾಲಿನ ಮಾತು ಮೊದಲು ಮುಗಿಸಿಬಿಡೋಣ: ಬೇಡ. ಹಾಲು ಸಕ್ಕರೆ ತಡೆದುಕೊಳ್ಳಲು ಖಡಕ್ ಅಸ್ಸಾಂ ಪುಡಿಯೇ ಬೇಕು. ಈ ಎಲೆ ಹಾಕಿ ಕುದಿಸಿದರೆ ದುಡ್ಡೂ ಹೋಯಿತು, ಟೀಯೂ ಹೋಯಿತು.

ಉಳಿದದ್ದಕ್ಕೆ ಚಿಕ್ಕ ಉತ್ತರ: ಎಲೆ ಜಾಸ್ತಿ, ಪಾತ್ರೆ ಚಿಕ್ಕದು, ನೀರು ಕುದಿಕುದಿ, ಹೊತ್ತು ಕಡಿಮೆ. ಅದೇ ಎಲೆಗೆ ಆರೇಳು ಸಲ ನೀರು. ನೀವು ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ಕೆಲಸದ ಮೇಲೆ ತೈವಾನ್‌ನ ಸಿಂಚು ನಗರದಲ್ಲಿದ್ದಾಗ ನನಗೆ ಈ ಟೀ ರೂಢಿಯಾಯಿತು. ಡಾಂಗ್ ಡಿಂಗ್ ಅನ್ನುವುದು ಅಲ್ಲಿಂದ ದಕ್ಷಿಣಕ್ಕೆ, ನಾಂಟೋ ಜಿಲ್ಲೆಯ ಲೂಗು ಎಂಬಲ್ಲಿರುವ ಒಂದು ಗುಡ್ಡ. ಎತ್ತರ ಸುಮಾರು 700 ಮೀಟರ್, ಅಂದರೆ ಬೆಂಗಳೂರಿಗಿಂತ ತಗ್ಗು. 1855ರಲ್ಲಿ ಲಿನ್ ಫೆಂಗ್‌ಚಿ ಎಂಬಾತ ಚೀನಾದ ವೂಯಿ ಬೆಟ್ಟದಿಂದ 36 ಸಸಿ ತಂದ, ಅದರಿಂದಲೇ ಇಲ್ಲಿನ ತೋಟ ಶುರುವಾಯಿತು ಅಂತ ಊರವರು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಾನಂತೂ ಅದನ್ನು ಕಥೆಯಾಗಿಯೇ ಇಟ್ಟುಕೊಂಡಿದ್ದೇನೆ.

ಬೆಲೆ ಏರುವುದು ಎಲೆ ಕಿತ್ತ ಮೇಲಿನ ಕೆಲಸದಲ್ಲಿ. ಊಲಾಂಗ್‌ಗೆ ಎಳೆ ಕುಡಿ ಮಾತ್ರ ಸಾಲದು. ಸ್ವಲ್ಪ ಬಲಿತ ಎರಡು ಮೂರು ಎಲೆಯನ್ನು ದಂಟಿನ ಸಮೇತ ಕೀಳುತ್ತಾರೆ. ಬಿಸಿಲಲ್ಲಿ ಬಾಡಿಸಿ, ಒಳಗೆ ತಂದು ಅಗಲವಾದ ಬಿದಿರಿನ ತಟ್ಟೆಗಳಲ್ಲಿ ಹರಡುತ್ತಾರೆ. ಆಮೇಲೆ ಆಗಾಗ ಎದ್ದು ಬಂದು ಎಲೆಯನ್ನು ಕೈಯಲ್ಲಿ ಎತ್ತಿ ಕುಲುಕಿ ಬಿಡಬೇಕು. ಹೀಗೆ ರಾತ್ರಿಯೆಲ್ಲಾ. ಕುಲುಕಿದಾಗ ಎಲೆಯ ಅಂಚು ಜಜ್ಜುತ್ತದೆ, ಅಲ್ಲಿಗೆ ಗಾಳಿ ತಾಗಿ ಕೆಂಪಾಗುತ್ತದೆ, ನಡುಭಾಗ ಹಸಿರಾಗಿಯೇ ಇರುತ್ತದೆ. ಹಸಿ ಸೊಪ್ಪಿನ ವಾಸನೆ ಹೋಗಿ ಹೂವಿನ ಘಮ ಬಂತು ಅನ್ನಿಸಿದ ಕೂಡಲೇ ಬಿಸಿ ಡ್ರಮ್ಮಿಗೆ ಹಾಕಿ ಹುರಿದು ನಿಲ್ಲಿಸುತ್ತಾರೆ. ಗ್ರೀನ್ ಟೀಯಲ್ಲಿ ಎಲೆ ಕೆಂಪಾಗಲು ಬಿಡುವುದೇ ಇಲ್ಲ, ನಮ್ಮ ಮಾಮೂಲಿ ಟೀಯಲ್ಲಿ ಪೂರ್ತಿ ಬಿಡುತ್ತಾರೆ. ಊಲಾಂಗ್ ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದು ಮಾಡುವವರ ಮೂಗಿಗೆ ಬಿಟ್ಟದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಎಲೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಉರುಳಿಸುತ್ತಾರೆ, ಬಿಚ್ಚುತ್ತಾರೆ, ಬಿಸಿ ಮಾಡಿ ಮತ್ತೆ ಕಟ್ಟುತ್ತಾರೆ. ಹತ್ತಾರು ಸಲ ಹೀಗಾದ ಮೇಲೆ ದಂಟು ಸಮೇತ ಮೂರೆಲೆ ಸುತ್ತಿಕೊಂಡು ಒಣ ಬಟಾಣಿಯಷ್ಟಾಗುತ್ತದೆ. ಕೊನೆಗೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಹುರಿಯುತ್ತಾರೆ. ಹಳೇ ಶೈಲಿಯ ಡಾಂಗ್ ಡಿಂಗ್‌ನ ಗುಣ ಇರುವುದು ಈ ಹುರಿತದಲ್ಲೇ. ಈಗ ಹುರಿಯದೇ ಹಸಿರು ಹಸಿರಾಗಿ ಮಾರುವುದೂ ಇದೆ. ಘಮ ಚೆನ್ನಾಗಿರುತ್ತದೆ, ನನಗೆ ಮಾತ್ರ ಹಳೆಯದೇ ಇಷ್ಟ.

ಈಗ ನಿಮ್ಮ ಸಪ್ಪೆ ಟೀಗೆ ಬರೋಣ. ಇಷ್ಟು ಬಿಗಿಯಾಗಿ ಸುತ್ತಿದ ಎಲೆ ಆರಿದ ನೀರಿನಲ್ಲಿ ಮೂರು ನಿಮಿಷಕ್ಕೆ ಬಿಚ್ಚಿಕೊಳ್ಳುವುದೇ ಇಲ್ಲ. ನೀವು ಕುಡಿದದ್ದು ಅದರ ಹೊರಮೈ ತೊಳೆದ ನೀರು ಅಷ್ಟೇ. ಹುರಿದ ಊಲಾಂಗ್‌ಗೆ ಕುದಿಯುವ ನೀರೇ ಬೇಕು. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ, ಹಾಗಾಗಿ ಎಲೆ ಸುಟ್ಟುಹೋಗುತ್ತೆ ಅನ್ನುವ ಹೆದರಿಕೆ ಬೇಡ. ಬೋರ್‌ವೆಲ್ ನೀರು ಮಾತ್ರ ಬೇಡ, ಗಡಸು ನೀರಿನಲ್ಲಿ ಘಮವೆಲ್ಲ ಮಂಕಾಗುತ್ತದೆ. ಕ್ಯಾನ್ ನೀರು ನಡೆಯುತ್ತದೆ.

ಅಲ್ಲಿಯವರು ಮುಚ್ಚಳವಿರುವ ಪಿಂಗಾಣಿ ಬಟ್ಟಲಿನಲ್ಲೋ ಪುಟ್ಟ ಮಣ್ಣಿನ ಪಾಟ್‌ನಲ್ಲೋ ಮಾಡುತ್ತಾರೆ. ನಿಮ್ಮಲ್ಲಿ ಅದು ಇರಲೇಬೇಕು ಅಂತೇನಿಲ್ಲ. 120 ಎಂಎಲ್ ಹಿಡಿಯುವ ಕಪ್ಪು, ಮುಚ್ಚಲು ಒಂದು ತಟ್ಟೆ, ಸೋಸಲು ಜಾಲರಿ ಸಾಕು. ಮೊದಲು ಬಿಸಿನೀರು ಸುತ್ತಾಡಿಸಿ ಚೆಲ್ಲಿ ಕಪ್ಪು ಬಿಸಿ ಮಾಡಿಕೊಳ್ಳಿ. 6 ಗ್ರಾಂ ಎಲೆ ಹಾಕಿ. ನೋಡಲು ಕಪ್ಪಿನ ತಳ ಮುಚ್ಚಿದೆ ಅಷ್ಟೇ ಅನ್ನಿಸುತ್ತದೆ, ಕಮ್ಮಿಯಾಯ್ತು ಅಂತ ಇನ್ನೊಂದು ಚಮಚ ಸುರಿಯಬೇಡಿ. ಕುದಿನೀರು ಹಾಕಿ ಐದು ಸೆಕೆಂಡಿಗೆ ಬಸಿದು ಚೆಲ್ಲಿ. ಈಗ ಆ ಒದ್ದೆ ಎಲೆಯ ಮೇಲಿನ ತಟ್ಟೆ ಎತ್ತಿ ಮೂಸಿ ನೋಡಿ. ಡಬ್ಬಿಯಲ್ಲಿ ಇಲ್ಲದ ಘಮ ಅಲ್ಲಿರುತ್ತದೆ.

ಆಮೇಲೆ ಮೊದಲ ನೀರು 40 ಸೆಕೆಂಡ್. ಎರಡನೆಯದು 30 ಸಾಕು, ಯಾಕೆಂದರೆ ಅಷ್ಟರಲ್ಲಿ ಎಲೆ ಬಿಚ್ಚಲು ಶುರುವಾಗಿರುತ್ತದೆ. ಮೂರನೆಯದು ಮತ್ತೆ 40, ಅಲ್ಲಿಂದ ಮುಂದೆ ಪ್ರತಿ ಸಲ ಹದಿನೈದು ಇಪ್ಪತ್ತು ಸೆಕೆಂಡ್ ಜಾಸ್ತಿ. ಪ್ರತಿ ಸಲವೂ ಹನಿ ಬಿಡದಂತೆ ಬಸಿಯಿರಿ. ತಳದಲ್ಲಿ ನೀರು ನಿಂತರೆ ಮುಂದಿನ ಕಪ್ಪು ಹೊಗರು. ಗಡಿಯಾರ ನೋಡುವುದು ಮೊದಮೊದಲು ಮಾತ್ರ, ಆಮೇಲೆ ಬಣ್ಣ ನೋಡಿದರೆ ಗೊತ್ತಾಗುತ್ತದೆ.

ಮೊದಲ ಕಪ್ಪಿನಲ್ಲಿ ಹುರಿದ ವಾಸನೆಯೇ ಮುಂದಿರುತ್ತದೆ. ಎರಡು, ಮೂರರಲ್ಲಿ ಅದು ಹಿಂದೆ ಸರಿದು ಮಾಗಿದ ಹಣ್ಣಿನ ಸಿಹಿ ಬರುತ್ತದೆ, ಟೀ ನಾಲಿಗೆಗೆ ಮಂದವಾಗಿ ಸಿಗುತ್ತದೆ. ನುಂಗಿ ಒಂದರ್ಧ ನಿಮಿಷ ಸುಮ್ನೆ ಕೂತರೆ ಗಂಟಲಿನಿಂದ ಸಿಹಿ ಮತ್ತೆ ಮೇಲೆ ಬರುತ್ತದೆ. ಒಳ್ಳೆಯ ಊಲಾಂಗ್‌ಗೆ ಜನ ದುಡ್ಡು ಕೊಡುವುದು ಇದಕ್ಕೇ. ಖಾಲಿ ಕಪ್ಪನ್ನೂ ಬಿಸಿಯಿದ್ದಾಗ ಮೂಸಿ, ಸಕ್ಕರೆ ಪಾಕದ ವಾಸನೆ ಬರುತ್ತದೆ. ಐದು ಆರನೆಯ ನೀರಿಗೆ ತೆಳುವಾಗುತ್ತದೆ, ಆದರೆ ಸಿಹಿ ಉಳಿದಿರುತ್ತದೆ.

ಎಲ್ಲ ಮುಗಿದ ಮೇಲೆ ಎಲೆಯನ್ನು ತಟ್ಟೆಗೆ ಸುರಿದು ಬಿಡಿಸಿ ನೋಡಿ. ದಂಟಿಗೆ ಎರಡು ಮೂರು ಎಲೆ ಅಂಟಿಕೊಂಡೇ ಇರಬೇಕು, ಎಲೆ ದಪ್ಪವಾಗಿ ಮೆತ್ತಗಿರಬೇಕು, ಅಲ್ಲಲ್ಲಿ ಅಂಚಿನಲ್ಲಿ ಕೆಂಗಂದು ಕಾಣಬೇಕು. ಬರೀ ಚೂರು ಪಾರು ಇದ್ದರೆ ಹೆಸರು ದೊಡ್ಡದು, ಎಲೆ ಸಾಮಾನ್ಯ. ಡಾಂಗ್ ಡಿಂಗ್ ಅನ್ನುವುದು ಈಗ ಊರಿನ ಹೆಸರಿಗಿಂತ ಮಾಡುವ ಶೈಲಿಯ ಹೆಸರಾಗಿಬಿಟ್ಟಿದೆ. ಬೇರೆ ಬೆಟ್ಟದ ಎಲೆ, ವಿಯೆಟ್ನಾಂ ಎಲೆಯೂ ಆ ಹೆಸರಿನಲ್ಲಿ ಬರುತ್ತದೆ.

ಇನ್ನೊಂದು ಪರೀಕ್ಷೆ ಲೂಗುವಿನದೇ. ಅಲ್ಲಿನ ರೈತರ ಸಂಘ 1970ರ ದಶಕದಿಂದ ಟೀ ಸ್ಪರ್ಧೆ ನಡೆಸುತ್ತಿದೆ. ತೀರ್ಪುಗಾರರು 3 ಗ್ರಾಂ ಎಲೆಯನ್ನು 150 ಎಂಎಲ್ ಕುದಿನೀರಿನಲ್ಲಿ ಐದಾರು ನಿಮಿಷ ಬಿಟ್ಟು ಕುಡಿದು ನೋಡುತ್ತಾರೆ. ಅಷ್ಟು ಹೊತ್ತು ಬಿಟ್ಟರೆ ಎಲೆಯ ದೋಷವೆಲ್ಲ ಹೊರಗೆ ಬರುತ್ತದೆ. ನಿಮ್ಮ ಡಬ್ಬಿಯ ಟೀ ಹೇಗಿದೆ ಅಂತ ಅನುಮಾನ ಇದ್ದರೆ ಒಮ್ಮೆ ಹೀಗೇ ಮಾಡಿ. ತುಸು ಕಹಿಯಾದರೂ ಗಂಟಲಲ್ಲಿ ಸಿಹಿ ಬಂದರೆ ನೆಂಟರು ಒಳ್ಳೆಯದನ್ನೇ ತಂದಿದ್ದಾರೆ. ಬಾಯಿ ಒಣಗಿ ಹೊಗರು ಹಾಗೇ ಉಳಿದರೆ 5 ಗ್ರಾಂ ಎಲೆಯನ್ನು ಅರ್ಧ ಲೀಟರ್ ತಣ್ಣೀರಿಗೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ತಣ್ಣೀರಿಗೆ ಕಹಿ ಅಷ್ಟಾಗಿ ಇಳಿಯುವುದಿಲ್ಲ, ಬೇಸಿಗೆಯಲ್ಲಿ ಕುಡಿಯಲು ಚೆನ್ನಾಗೇ ಇರುತ್ತದೆ. ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿಡಿ, ಸಾಂಬಾರ್ ಪುಡಿ ಇರುವ ಶೆಲ್ಫಿನಲ್ಲಂತೂ ಇಡಬೇಡಿ.