ಮಚ್ಚು ಹಿಡಿದ ಹೀರೊ, ಮಡಿಲಲ್ಲಿ ಮಗು

ದೊಡ್ಡ ಹೀರೊಗಳ ಆಕ್ಷನ್ ಚಿತ್ರ ತೆರೆಗೆ ಬರುವ ವಾರ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ವಿಷಯದ್ದು: ಮಗುವನ್ನು ಕರೆದುಕೊಂಡು ಹೋಗಬಹುದೇ? ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಮಗನಿಗೆ ಆರು ವರ್ಷ. ಅವನ ಮೆಚ್ಚಿನ ನಟನ ಹೊಸ ಚಿತ್ರಕ್ಕೆ ಸೆನ್ಸಾರ್ ಬೋರ್ಡ್ ‘ಯುಎ 16+’ ಪ್ರಮಾಣಪತ್ರ ಕೊಟ್ಟಿದೆ. ಅಪ್ಪ-ಅಮ್ಮ ಜತೆಗಿದ್ದರೆ ಒಳಗೆ ಬಿಡುತ್ತಾರಂತೆ. ಬಿಡುವುದಾದರೆ ತೊಂದರೆ ಇಲ್ಲ ಅಂತಲೇ ತಾನೆ? – ದಾವಣಗೆರೆ

ಬಿಡುತ್ತಾರೆ ನಿಜ. ಆದರೆ ಗೇಟಿನವನು ಹರಿಯುವುದು ಟಿಕೆಟ್ ಮಾತ್ರ. ಚಿತ್ರ ನಿಮ್ಮ ಮಗನಿಗೆ ಹೊಂದುತ್ತದೋ ಇಲ್ಲವೋ ನೋಡುವುದು ಅವನ ಕೆಲಸವಲ್ಲ. ‘ಎ’ ಪ್ರಮಾಣಪತ್ರದ ಚಿತ್ರಕ್ಕೆ 18 ತುಂಬದವರನ್ನು ಒಳಗೆ ಬಿಟ್ಟರೆ ಅದು ಅಪರಾಧ, ಹೊಣೆ ಥಿಯೇಟರಿನವರದು. ಅಪ್ಪನೇ ಕೈಹಿಡಿದು ಕರೆತಂದರೂ ನಡೆಯುವುದಿಲ್ಲ. ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದದ್ದು) ಹಾಗಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಮಾಡಿ ಅದನ್ನು 7+, 13+, 16+ ಎಂದು ಮೂರಾಗಿ ಒಡೆದರು. ಈ ವಯಸ್ಸು ಹೆತ್ತವರ ತಿಳಿವಳಿಕೆಗೆ ಮಾತ್ರ, ಬೇರೆ ಯಾರೂ ಅದನ್ನು ಬಲವಂತವಾಗಿ ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಎಂದರೆ ಯುಎ ಚಿತ್ರದ ಮಟ್ಟಿಗೆ ನಿಮ್ಮ ಮನೆಯ ಸೆನ್ಸಾರ್ ಬೋರ್ಡ್ ನೀವೇ.

ಬೋರ್ಡ್ 16+ ಎಂದಿದ್ದು ಹದಿನಾರರ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು. ನಿಮ್ಮ ಮಗ ಅದಕ್ಕೆ ಹತ್ತು ವರ್ಷ ಚಿಕ್ಕವನು. ನಮ್ಮ ಉತ್ತರ: ಬೇಡ.

ಹಳೆಯ ಚಿತ್ರಗಳ ವಿಷಯದಲ್ಲಿ ಇನ್ನೊಂದು ಎಡವಟ್ಟಿದೆ. ಈ ವಿಂಗಡಣೆಗೆ ಮುಂಚೆ ಬಂದವುಗಳ ಮೇಲೆ ಬರೀ ‘ಯುಎ’ ಎಂದಿರುತ್ತದೆ. 12ರೊಳಗಿನ ಮಕ್ಕಳಿದ್ದರೆ ಹೆತ್ತವರು ಯೋಚಿಸಿ ಎಂಬುದಷ್ಟೇ ಅದರ ಅರ್ಥ. ಸಾಧಾರಣ ಕೌಟುಂಬಿಕ ಚಿತ್ರಕ್ಕೂ ಅದೇ ಮೊಹರು, ರಕ್ತ ಹರಿಸುವ ಚಿತ್ರಕ್ಕೂ ಅದೇ ಮೊಹರು. ಒಬ್ಬರೇ ನಿರ್ದೇಶಕರ ‘ಕೆಜಿಎಫ್ ಚಾಪ್ಟರ್ 2’ (2022) ಯುಎ, ‘ಸಲಾರ್’ (2023) ಎ. ದೊಡ್ಡವರಿಗೆ ಇವೆರಡರ ನಡುವೆ ವ್ಯತ್ಯಾಸ ಕಾಣಬಹುದು, ಆರರ ಮಗುವಿಗೆ ಕಾಣಿಸುವುದಿಲ್ಲ.

ಚಿತ್ರ ನೋಡದೆಯೇ ಅದು ಎಂಥದ್ದು ಅಂತ ತಿಳಿಯುವುದು ಹೇಗೆ? ಟ್ರೇಲರ್ ನೋಡಿದರೆ ಸಾಲದೆ? – ಧಾರವಾಡ

ಸಾಲದು. ಎರಡೂವರೆ ನಿಮಿಷದ ಟ್ರೇಲರ್‌ನಲ್ಲಿ ಹೀರೊ ನಡೆದುಬರುವ ಠೀವಿ ಇರುತ್ತದೆ, ಮಚ್ಚು ಮೇಲೇಳುವುದೂ ಇರುತ್ತದೆ. ಅದು ಇಳಿದಾಗ ಏನಾಗುತ್ತದೆ ಎಂಬುದನ್ನು ಥಿಯೇಟರಿಗೇ ಉಳಿಸಿಕೊಂಡಿರುತ್ತಾರೆ.

ಮೊದಲ ವಾರ ಹೋಗಬೇಡಿ. ಅಷ್ಟರಲ್ಲಿ ನೋಡಿ ಬಂದವರಿಗೆ ಫೋನು ಮಾಡಿ. ‘ಹೇಗಿದೆ?’ ಎಂದು ಕೇಳಿದರೆ ‘ಸೂಪರ್’ ಅನ್ನುತ್ತಾರೆ, ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ. ಗಾಯವನ್ನು ಹತ್ತಿರದಿಂದ ತೋರಿಸುತ್ತಾರೆಯೇ, ಇಲ್ಲ ಜನ ಹಾರಿ ಬೀಳುತ್ತಾರಷ್ಟೆಯೇ? ಮಗುವಿನ ಎದುರೇ ಅಪ್ಪ ಅಥವಾ ಅಮ್ಮ ಸಾಯುತ್ತಾರೆಯೇ? ಮಕ್ಕಳಿಗೋ ನಾಯಿಗೋ ಏಟು ಬೀಳುತ್ತದೆಯೇ? ಹೆಂಗಸಿನ ಮೇಲೆ ಕೈಮಾಡುವ ದೃಶ್ಯ ಎಷ್ಟು ಹೊತ್ತಿದೆ? ಹೊಡೆದವನಿಗೆ ಕೊನೆಗೆ ಏನಾಗುತ್ತದೆ?

ಕೊನೆಯ ಪ್ರಶ್ನೆಯನ್ನು ಹಗುರ ಮಾಡಬೇಡಿ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದಲ್ಲಿ ಪುಟ್ಟ ಮಕ್ಕಳ ಜತೆ ನಡೆಸಿದ ಗೊಂಬೆ ಪ್ರಯೋಗ ಇದನ್ನೇ ತೋರಿಸಿತು. ಗಾಳಿ ತುಂಬಿದ ಗೊಂಬೆಗೆ ದೊಡ್ಡವರು ಗುದ್ದುವುದನ್ನು ಮಕ್ಕಳಿಗೆ ತೋರಿಸಿದರು. ಗುದ್ದಿದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ತಾವಾಗಿ ಕಡಿಮೆ ಗುದ್ದಿದರು. ಆದರೆ ‘ಅವರು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದರು. ಎಂದರೆ ಕಲಿಕೆ ಎಲ್ಲರಲ್ಲೂ ಆಗಿತ್ತು. ಹೊರಗೆ ಬರುವುದಕ್ಕೆ ಉತ್ತೇಜನ ಬೇಕಿತ್ತು. ನಮ್ಮ ಆಕ್ಷನ್ ಚಿತ್ರದಲ್ಲಿ ಹೊಡೆಯುವವನು ಹೀರೊ. ಅವನ ಹೊಡೆತಕ್ಕೆ ಹಿನ್ನೆಲೆ ಸಂಗೀತವಿದೆ, ಇಡೀ ಹಾಲಿನ ಶಿಳ್ಳೆಯಿದೆ, ಪಕ್ಕದಲ್ಲಿ ಕೂತ ಅಪ್ಪನ ಚಪ್ಪಾಳೆಯೂ ಇದೆ. ಇದಕ್ಕಿಂತ ದೊಡ್ಡ ಬಹುಮಾನ ಉಂಟೆ?

ಇನ್ನೊಂದು ಉಪಾಯ. ಚಿತ್ರ ಬ್ರಿಟನ್ನಿನಲ್ಲೂ ಬಿಡುಗಡೆಯಾಗಿದ್ದರೆ ಅಲ್ಲಿನ ಬಿಬಿಎಫ್‌ಸಿ ಮಂಡಳಿಯ ಜಾಲತಾಣದಲ್ಲಿ ಹೆಸರು ಹುಡುಕಿ. ಹಿಂಸೆ, ಗಾಯ, ಬೆದರಿಕೆ, ಬೈಗುಳ ಯಾವುದು ಎಷ್ಟಿದೆ ಎಂದು ಬಿಡಿಬಿಡಿಯಾಗಿ ಬರೆದಿರುತ್ತಾರೆ. ಅಲ್ಲಿಗೆಂದು ಕೆಲವೊಮ್ಮೆ ಕತ್ತರಿ ಹಾಕುವುದರಿಂದ ಚಿತ್ರದ ಅವಧಿ ಇಲ್ಲಿನದಕ್ಕೆ ಹೊಂದುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ನಾಲ್ಕರ ಮಗಳು ಟಿವಿಯಲ್ಲಿ ಹೊಡೆದಾಟ ಬಂದರೆ ಆರಾಮಾಗಿ ನೋಡುತ್ತಾಳೆ. ಆದರೆ ಹೀರೊ ಮುಖಕ್ಕೆ ಬಣ್ಣ ಬಳಿದುಕೊಂಡು ಕೂಗಿದ ಕೂಡಲೇ ಚೀರಿ ಅಡುಗೆಮನೆಗೆ ಓಡಿದಳು. ಅವನು ಒಳ್ಳೆಯವನೇ ಅಂದರೂ ಕೇಳಲಿಲ್ಲ. – ಕುಂದಾಪುರ

ಯಕ್ಷಗಾನದ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಆಟದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಆರ್ಭಟಿಸುತ್ತ ಬಂತೆಂದರೆ ಮಕ್ಕಳು ಅಮ್ಮನ ಸೆರಗಿನೊಳಗೆ. ವೇಷ ಇನ್ನೂ ಯಾರಿಗೂ ಏನೂ ಮಾಡಿರುವುದಿಲ್ಲ, ಕಂಡದ್ದೇ ಸಾಕು.

ಸುಮಾರು ಏಳರೊಳಗಿನ ಮಕ್ಕಳು ಹೆದರುವುದು ಕಾಣುವ ರೂಪಕ್ಕೆ, ಕೇಳುವ ದನಿಗೆ. ಕತೆಯಲ್ಲಿ ಅವನು ಒಳ್ಳೆಯವನೆಂಬ ಲೆಕ್ಕ ಆ ಹೊತ್ತಿಗೆ ಕೈಗೆ ಹತ್ತುವುದಿಲ್ಲ. ಮಕ್ಕಳ ಭಯದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜೋನ್ ಕ್ಯಾಂಟರ್ ಕಂಡದ್ದೂ ಇದೇ: ‘ಹಲ್ಕ್’ ಟಿವಿ ಸರಣಿಯಲ್ಲಿ ಸಾಧುವಾದ ಮನುಷ್ಯ ಹಸಿರು ದೈತ್ಯನಾಗಿ ಮಾರ್ಪಡುವುದು ಜನರನ್ನು ಕಾಪಾಡಲೆಂದೇ, ಆದರೂ ಪುಟ್ಟ ಮಕ್ಕಳು ಹೆಚ್ಚು ಹೆದರಿದ್ದು ಆ ಗಳಿಗೆಯಲ್ಲೇ.

ಎಂಟು ದಾಟಿದ ಮೇಲೆ ತಿರುವುಮುರುವು. ರಾಕ್ಷಸನನ್ನು ನೋಡಿ ನಗುತ್ತಾರೆ. ಮನೆಗೆ ನುಗ್ಗುವ ಕಳ್ಳ, ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ, ಅಪ್ಪನ ಸಾವು ಇಂಥವು ಕಾಡುತ್ತವೆ, ‘ನಮ್ಮನೆಗೂ ಬಂದರೆ?’ ಎಂದು. ಹಾಗಾಗಿ ನಾಲ್ಕರವಳಿಗೆ ನಡೆದದ್ದು ಒಂಬತ್ತರ ಅಣ್ಣನಿಗೆ ನಡೆಯಲೇಬೇಕೆಂದಿಲ್ಲ. ಇಬ್ಬರ ಪರವಾಗಿ ಒಂದೇ ತೀರ್ಮಾನ ಮಾಡಬೇಡಿ.

ಕೂಸಿಗೆ ಹತ್ತು ತಿಂಗಳು. ನಿದ್ದೆ ಮಾಡಿಸಿಕೊಂಡು ಹೋದರೆ ಸಿನಿಮಾ ಏನು ಮಾಡೀತು? – ಬೆಂಗಳೂರು

ಕಣ್ಣು ಮುಚ್ಚಿದರೂ ಕಿವಿ ತೆರೆದಿರುತ್ತದಲ್ಲ. ಥಿಯೇಟರಿನ ಧ್ವನಿಯನ್ನು ಹೊಂದಿಸುವ ಮಾನಕದಂತೆ ಒಂದು ಚಾನೆಲ್ಲಿನ (ಒಂದು ದಿಕ್ಕಿನ ಸ್ಪೀಕರಿನ) ಆಧಾರ ಮಟ್ಟ 85 ಡೆಸಿಬಲ್. ಸ್ಫೋಟದಂಥ ಗಳಿಗೆಯಲ್ಲಿ 105ರ ತನಕ, ಎದೆ ನಡುಗಿಸುವ ಬಾಸ್ 115ರ ತನಕ ಏರಲು ಅವಕಾಶವಿದೆ. ಎಲ್ಲ ಥಿಯೇಟರುಗಳೂ ಅಷ್ಟು ಜೋರಾಗಿ ಇಡುವುದಿಲ್ಲ. ಆದರೆ ಅಭಿಮಾನಿಗಳ ಶೋನಲ್ಲಿ ‘ಕಡಿಮೆ ಮಾಡಿ’ ಎಂದು ಕೇಳುವ ಧೈರ್ಯ ಯಾರಿಗಿದೆ?

ಇಯರ್‌ಫೋನ್ ಬಳಕೆಗೆಂದು ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ: 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5, 87ಕ್ಕೆ ಎರಡೂವರೆ. ಸರಾಸರಿ 87 ಡೆಸಿಬಲ್ಲಿನ ಒಂದು ಸಿನಿಮಾಕ್ಕೆ ಕೂಸಿನ ಇಡೀ ವಾರದ ಪಾಲು ಮುಗಿಯಿತು.

ಕಿವಿಗೆ ಹತ್ತಿ ತುರುಕಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇಯರ್‌ಪ್ಲಗ್ ಕೂಸಿಗೆ ಬೇಡವೇ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಮಕ್ಕಳ ಇಯರ್‌ಮಫ್ ಸರಿಯಾಗಿ ಕೂತರೆ ಸುಮಾರು 20 ಡೆಸಿಬಲ್ ಇಳಿಯುತ್ತದೆ. ನಡುವೆ ಕುಲಾವಿಯ ಅಂಚು ಸಿಕ್ಕಿದರೆ ಸಂದಿಯಿಂದ ಶಬ್ದ ಒಳಗೆ ಹೋಗುತ್ತದೆ. ಆದರೆ ಅದನ್ನು ಬಿಗಿದುಕೊಂಡು ಹತ್ತು ತಿಂಗಳ ಕೂಸು ಮೂರು ಗಂಟೆ ಕೂರುವುದು ಕನಸಿನ ಮಾತು. ಅಜ್ಜಿಯ ಬಳಿ ಬಿಟ್ಟು ಹೋಗಿ. ಅಜ್ಜಿಯಿಲ್ಲದಿದ್ದರೆ ಗಂಡ-ಹೆಂಡತಿ ಒಬ್ಬೊಬ್ಬರೇ ಹೋಗಿಬನ್ನಿ.

ಮಗನಿಗೆ ಹನ್ನೊಂದು. ಯುಎ 13+ ಚಿತ್ರ, ವಿಚಾರಿಸಿದ್ದೇವೆ, ಪರವಾಗಿಲ್ಲ ಅನಿಸಿದೆ. ಥಿಯೇಟರಿನಲ್ಲಿ ಏನೇನು ನೋಡಿಕೊಳ್ಳಬೇಕು? – ಹಾಸನ

ಮಧ್ಯಾಹ್ನದ ಆಟಕ್ಕೆ ಹೋಗಿ. ರಾತ್ರಿ ಆಟ ಮುಗಿಸಿ ಬಂದರೆ ಕಂಡದ್ದನ್ನು ಮಾತಾಡಿ ಅರಗಿಸಿಕೊಳ್ಳಲು ಹೊತ್ತಿರುವುದಿಲ್ಲ, ನೇರ ಹಾಸಿಗೆಗೆ. ಮೊದಲ ದಿನದ ಆಟ, ಪ್ರೀಮಿಯರ್ ಶೋ ಬೇಡ. 2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಥಿಯೇಟರೊಂದರ ಪ್ರೀಮಿಯರ್‌ನಲ್ಲಿ ಕಾಲ್ತುಳಿತವಾಗಿ ತಾಯಿಯೊಬ್ಬರು ಸತ್ತರು, ಜತೆಗಿದ್ದ ಚಿಕ್ಕ ಮಗ ತೀವ್ರವಾಗಿ ಗಾಯಗೊಂಡ.

ಸೀಟು ಹಿಂದಿನ ಸಾಲುಗಳಲ್ಲಿರಲಿ, ದಾರಿಯ ಪಕ್ಕದಲ್ಲಿ. ಪರದೆ ಚಿಕ್ಕದಾಗಿ ಕಾಣುತ್ತದೆ, ಏಳುವುದೂ ಸುಲಭ. ಎದ್ದು ಹೋಗುವವರು ಯಾರು ಎಂದು ಮನೆಯಲ್ಲೇ ತೀರ್ಮಾನವಾಗಲಿ. ಕತ್ತಲಲ್ಲಿ ‘ನೀನು ಹೋಗು, ನೀನು ಹೋಗು’ ಎನ್ನುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ಮಗನಿಗೂ ಒಂದು ಗುರುತು ಹೇಳಿಕೊಡಿ: ಕೈ ಎರಡು ಸಲ ಒತ್ತಿದರೆ ಹೊರಗೆ ಹೋಗೋಣ ಅಂತ. ಗೆಳೆಯರ ಮುಂದೆ ‘ಭಯ ಆಗ್ತಿದೆ’ ಎಂದು ಬಾಯಿಬಿಡಲು ಹನ್ನೊಂದರ ಹುಡುಗನಿಗೆ ನಾಚಿಕೆ.

ನಮ್ಮ ಚಿತ್ರಗಳಲ್ಲಿ ಬಲವಾದ ಎರಡು ಹೊಡೆದಾಟ ಸಾಮಾನ್ಯವಾಗಿ ಇಂಟರ್‌ವಲ್ಲಿಗೆ ಮುಂಚೆ ಒಂದು, ಕ್ಲೈಮ್ಯಾಕ್ಸಿಗೆ ಒಂದು. ಹಾಗಾಗಿ ಇಂಟರ್‌ವಲ್ ನಿಮ್ಮ ತಪಾಸಣೆಯ ಹೊತ್ತು. ಪಾಪ್‌ಕಾರ್ನ್ ಮುಟ್ಟದೆ ಸುಮ್ಮನೆ ಕೂತಿದ್ದಾನೆಯೇ, ಕೈ ತಣ್ಣಗಿದೆಯೇ, ಎರಡೆರಡು ಸಲ ಬಚ್ಚಲಿಗೆ ಹೋದನೇ? ಹಾಗಿದ್ದರೆ ಅಲ್ಲಿಗೇ ಎದ್ದುಬಿಡಿ. ಬಹಳ ಜನ ಸಿಕ್ಕಿಬೀಳುವುದು ‘ಟಿಕೆಟ್ ದುಡ್ಡು ದಂಡವಾಗುತ್ತಲ್ಲ’ ಎಂಬಲ್ಲಿ. ದುಡ್ಡು ಟಿಕೆಟ್ ಕೊಂಡಾಗಲೇ ಹೋಗಿಯಾಯಿತು. ಇನ್ನೂ ಒಂದೂವರೆ ಗಂಟೆ ಕೂತರೂ ವಾಪಸು ಬರುವುದಿಲ್ಲ.

ತಪ್ಪಾಗಿಹೋಗಿದೆ. ಏಳರ ಮಗಳನ್ನು ಕರೆದುಕೊಂಡು ಹೋದೆವು. ನಾಲ್ಕು ದಿನದಿಂದ ಒಬ್ಬಳೇ ಮಲಗುತ್ತಿಲ್ಲ. ‘ಅದು ಬರೀ ಸಿನಿಮಾ’ ಅಂತ ಎಷ್ಟು ಹೇಳಿದರೂ ಇಲ್ಲ. – ಶಿವಮೊಗ್ಗ

ಆ ಮಾತನ್ನು ಸದ್ಯಕ್ಕೆ ಬಿಡಿ. ರಾತ್ರಿ ಬೇಕಾದ್ದು ವಾದವಲ್ಲ, ಮೈಗೆ ಮೈ ತಾಗಿ ಮಲಗುವವರು. ಸಣ್ಣ ದೀಪ ಹಾಕಿ, ಪಕ್ಕದಲ್ಲಿ ಮಲಗಿ, ಕುಡಿಯಲು ಬಿಸಿಯಾದ್ದೇನಾದರೂ ಕೊಡಿ. ‘ಇಷ್ಟು ದೊಡ್ಡೋಳಾಗಿ!’ ಎಂದು ನಗಬೇಡಿ; ಧೈರ್ಯ ಬರಲೆಂದು ಅದೇ ದೃಶ್ಯವನ್ನು ಮೊಬೈಲಿನಲ್ಲಿ ಮತ್ತೆ ತೋರಿಸುವುದಂತೂ ಕೂಡದು.

ಹಗಲಿನಲ್ಲಿ, ಅವಳಾಗಿ ಕೇಳಿದರೆ, ಸಿನಿಮಾ ಹೇಗೆ ಮಾಡುತ್ತಾರೆಂದು ತೋರಿಸಿ. ಏಳರವಳಿಗೆ ಬಾಯಿಮಾತಿಗಿಂತ ಕೈಕೆಲಸ ಹತ್ತುತ್ತದೆ. ಮೂರು ಚಮಚ ಗಟ್ಟಿ ಸಕ್ಕರೆ ಪಾಕಕ್ಕೆ ಕಾಲು ಚಮಚ ಅಡುಗೆಯ ಕೆಂಪು ಬಣ್ಣ ಕಲಸಿ. ಮೊದಲು ಅದು ಗುಲಾಬಿ ಶರಬತ್ತಿನ ಹಾಗೆ ಕಾಣುತ್ತದೆ. ಚಿಟಿಕೆ ಕೋಕೋ ಪುಡಿ ಹಾಕಿದ ಕೂಡಲೇ ಬಣ್ಣ ಮಂಕಾಗಿ ಥೇಟ್ ರಕ್ತ. ಪಾಕ ತೆಳ್ಳಗಿದ್ದರೆ ಕೈಮೇಲೆ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಅವಳ ಕೈಯಿಂದಲೇ ಅಪ್ಪನ ಹಣೆಗೆ ಹಚ್ಚಿಸಿ, ಒದ್ದೆ ಬಟ್ಟೆಯಿಂದ ಅವಳಿಂದಲೇ ಒರೆಸಿಸಿ. ಬಣ್ಣ ಅಂಟುತ್ತದೆ, ಹಳೆಯ ಅಂಗಿ ಹಾಕಿಕೊಳ್ಳಿ. ಒಲ್ಲೆ ಅಂದರೆ ಬಲವಂತ ಬೇಡ. ಐದರೊಳಗಿನವರಿಗೆ ಈ ಉಪಾಯ ಬೇಡ; ಅಪ್ಪನ ಹಣೆಯ ಕೆಂಪೇ ಹೊಸ ಭಯವಾದೀತು.

ಬಹಳ ಮಕ್ಕಳಲ್ಲಿ ಭಯ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ನಿಲ್ಲದಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಶಾಲೆಗೆ ಹೋಗಲೊಲ್ಲೆ ಎಂದರೆ ಮಕ್ಕಳ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಐದರ ಮಗ ಸ್ಕೇಲನ್ನೇ ಮಚ್ಚು ಮಾಡಿಕೊಂಡು ಓಡಾಡುತ್ತಾನೆ. ಗದರಿಸಬೇಕೆ? – ಕಲಬುರಗಿ

ಮೊದಲು ಐದು ನಿಮಿಷ ಸುಮ್ಮನೆ ನೋಡಿ. ಇವನೂ ಜತೆಗೆ ಆಡುವವನೂ ನಗುತ್ತಿದ್ದಾರೆ, ಒಮ್ಮೆ ಇವನು ಸಾಯುತ್ತಾನೆ ಒಮ್ಮೆ ಅವನು, ಏಟು ಮೈಗೆ ತಾಗುವ ಮುಂಚೆ ನಿಲ್ಲುತ್ತದೆ ಎಂದಾದರೆ ಅದು ಆಟ. ಸ್ಕೇಲಿನ ಬದಲು ಸುತ್ತಿದ ಪೇಪರ್ ಕೊಟ್ಟು ಬಿಟ್ಟುಬಿಡಿ. ಯಾವಾಗಲೂ ಒಬ್ಬನೇ ಹೊಡೆಯುವವನು, ತಂಗಿ ಅಳುತ್ತಿದ್ದರೂ ಕೈ ನಿಲ್ಲುವುದಿಲ್ಲ ಅಥವಾ ಸಿನಿಮಾದ ಅದೇ ದೃಶ್ಯ ನಗುವಿಲ್ಲದೆ ದಿನಾ ಮರುಕಳಿಸುತ್ತಿದೆ ಎಂದಾದರೆ ನಿಲ್ಲಿಸಿ, ಆ ದೃಶ್ಯದ ಬಗ್ಗೆ ಕೂತು ಮಾತಾಡಿ.

ಒಟಿಟಿಯಲ್ಲಿ ಮಕ್ಕಳ ಪ್ರೊಫೈಲ್ ಮಾಡಿಟ್ಟಿದ್ದೇವೆ. ಆದರೂ ಎಲ್ಲಾ ನೋಡಿಬಿಡುತ್ತಾನೆ! – ಹುಬ್ಬಳ್ಳಿ

ನಿಮ್ಮ ಪ್ರೊಫೈಲಿಗೆ ಪಿನ್ ಹಾಕಿದ್ದೀರಾ? ಅವನ ಕೋಣೆಗೆ ಬೀಗ ಹಾಕಿ ನಿಮ್ಮದನ್ನು ತೆರೆದಿಟ್ಟ ಹಾಗಾಗಿದೆ. 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳಂತೆ ಯುಎ 13+ ಮತ್ತು ಅದಕ್ಕೆ ಮೇಲಿನದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯವನ್ನು ಒಟಿಟಿಗಳು ಕೊಡಲೇಬೇಕು, ಆದರೆ ಅದನ್ನು ಹಾಕುವ ಕೈ ನಿಮ್ಮದು. ದೊಡ್ಡವರ ಪ್ರೊಫೈಲಿಗೆಲ್ಲ ಪಿನ್ ಹಾಕಿ. ಅದು ಮನೆಯವರ ಹುಟ್ಟಿದ ವರ್ಷವಾಗಿರುವುದು ಬೇಡ. ಟಿವಿಯ ಯೂಟ್ಯೂಬಿನಲ್ಲಿ ಅಪ್ಪನ ಖಾತೆ ತೆರೆದಿದ್ದರೆ ಅಲ್ಲಿಂದ ಲಾಗೌಟ್ ಆಗಿ. ಸಿನಿಮಾಕ್ಕೆ ಬೀಗವಿದ್ದರೂ ಅದರ ಕ್ಲೈಮ್ಯಾಕ್ಸ್ ಮೂವತ್ತು ಸೆಕೆಂಡಿನ ತುಣುಕಾಗಿ ಅಲ್ಲಿ ಬಿದ್ದಿರುತ್ತದೆ.

ಬರ್ಮಿಂಗ್‌ಹ್ಯಾಮಿನಲ್ಲಿದ್ದೇವೆ. ಕನ್ನಡ ಚಿತ್ರ ಬರುವುದೇ ಅಪರೂಪ. ‘15’ ಎಂದಿದ್ದ ಚಿತ್ರಕ್ಕೆ ಹತ್ತರ ಮಗನನ್ನು ಒಳಗೆ ಬಿಡಲಿಲ್ಲ. ನಾವು ಜತೆಗಿದ್ದೆವು. – ಒಬ್ಬ ತಾಯಿ

ಅಲ್ಲಿ 15 ಎಂದರೆ 15. ಹೆತ್ತವರಿದ್ದರೂ ಬಿಡುವುದಿಲ್ಲ. ‘12ಎ’ ಇದ್ದರೆ ಮಾತ್ರ ದೊಡ್ಡವರ ಜತೆ ಚಿಕ್ಕವರು ಹೋಗಬಹುದು. ಅಮೆರಿಕದಲ್ಲಿ ‘ಆರ್’ ರೇಟಿಂಗಿನ ಚಿತ್ರಕ್ಕೆ ಅಪ್ಪ-ಅಮ್ಮ ಜತೆಗಿದ್ದರೆ 17ರೊಳಗಿನವರಿಗೂ ಪ್ರವೇಶವುಂಟು, ಅಲ್ಲಿಯ ನೆಂಟರ ಮಾತು ಕೇಳಿ ಮೋಸಹೋಗುವವರು ಬಹಳ. ಇಲ್ಲಿ ಯುಎ ಇದ್ದ ಚಿತ್ರಕ್ಕೆ ಬ್ರಿಟನ್ನಿನಲ್ಲಿ 15 ಬೀಳುವುದುಂಟು. ಆದ್ದರಿಂದ ಬುಕ್ ಮಾಡುವ ಮುಂಚೆ ನೋಡಬೇಕಾದ್ದು ಆ ಥಿಯೇಟರಿನ ಪುಟದಲ್ಲಿರುವ ರೇಟಿಂಗನ್ನು, ಊರಿನಿಂದ ಬಂದ ಪೋಸ್ಟರಿನದ್ದನ್ನಲ್ಲ.