ಟ್ರಕ್ಕಿನ ಬೆನ್ನಿಗೆ ಮನೆ: ಕೊಳ್ಳುವ ಮೊದಲು ಹೊರಿಸಿ ನೋಡುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ ನೆಲೆಸಿದ್ದೇವೆ. ನಮ್ಮಲ್ಲಿ ಅರ್ಧ ಟನ್ ವರ್ಗದ (ಇದು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ) ಪಿಕಪ್ ಟ್ರಕ್ ಇದೆ. ಅದರ ಹಿಂಬದಿಯ ತೊಟ್ಟಿಯಲ್ಲಿ ಕೂರಿಸುವ ಕ್ಯಾಂಪರ್, ಅಂದರೆ ಮಲಗಿ ತಂಗಬಹುದಾದ ಪುಟ್ಟ ಮನೆಯನ್ನು ಕೊಂಡು, ಇಬ್ಬರು ಮಕ್ಕಳೊಡನೆ ಬೇಸಿಗೆಯಲ್ಲಿ ಬೆಟ್ಟಗಳ ಕಡೆ ಹೋಗಬೇಕೆಂಬ ಆಸೆ. ಕ್ಯಾಂಪರಿನ ತೂಕ 1,200 ಪೌಂಡ್, ನೀರಿನ ತೊಟ್ಟಿ 20 ಗ್ಯಾಲನ್ ಎಂದು ಅದರ ಪರಿಚಯ ಪತ್ರದಲ್ಲಿದೆ. ಟ್ರಕ್ಕಿನ ಬಾಗಿಲ ಬಳಿಯ ಚೀಟಿಯಲ್ಲಿ 1,650 ಪೌಂಡ್ ಎಂದಿದೆ. ನಮ್ಮ ಟ್ರಕ್ 9,000 ಪೌಂಡ್ ಎಳೆಯಬಲ್ಲುದಾದ್ದರಿಂದ ಯೋಚನೆ ಬೇಡವೆಂದು ಮಾರಾಟಗಾರರು ಹೇಳಿ, ಖಾಲಿ ಕ್ಯಾಂಪರನ್ನು ಹೇರಿ ಊರೊಳಗೆ ಹತ್ತು ನಿಮಿಷ ಓಡಿಸಲು ಕೊಟ್ಟರು. ತೊಂದರೆಯೇನೂ ಕಾಣಲಿಲ್ಲ. ಇಷ್ಟು ಪರೀಕ್ಷೆ ಸಾಕೇ? ಮರಳಿನ ಚೀಲ ತುಂಬಿ ಓಡಿಸಿದರೆ ತಿಳಿಯುತ್ತದೆಯೇ? ಅಗತ್ಯವಾದರೆ ದೊಡ್ಡ ಟ್ರಕ್ಕಿಗೆ ಬದಲಾಯಿಸಲೂ ಸಿದ್ಧರಿದ್ದೇವೆ.

ಉತ್ತರ: ಸಾಲದು. ಖಾಲಿ ಕ್ಯಾಂಪರು, ಸಪಾಟು ರಸ್ತೆ, ನಿಧಾನದ ವೇಗ, ಹತ್ತೇ ನಿಮಿಷ: ಈ ನಾಲ್ಕೂ ಸೇರಿದಾಗ ಯಾವ ಟ್ರಕ್ಕೂ ತನ್ನ ದೌರ್ಬಲ್ಯವನ್ನು ತೋರಿಸುವುದಿಲ್ಲ. ಅದಕ್ಕೂ ಮೊದಲು, ನಿಮಗೆ ಹೇಳಿದ 9,000 ಪೌಂಡಿನ ಮಾತನ್ನು ಪಕ್ಕಕ್ಕಿಡಿ. ಅದು ಎಳೆಯುವ ಶಕ್ತಿ. ನೀವು ಮಾಡಹೊರಟಿರುವುದು ಹೊರಿಸುವ ಕೆಲಸ. ಎಳೆಯುವಾಗ ಭಾರದ ಬಹುಪಾಲನ್ನು ಟ್ರೈಲರಿನ ಸ್ವಂತ ಗಾಲಿಗಳೇ ಹೊರುತ್ತವೆ. ಕ್ಯಾಂಪರಿನಲ್ಲಿ ಪೂರ್ತಿ ಭಾರ ಟ್ರಕ್ಕಿನ ಸ್ಪ್ರಿಂಗು, ಅಚ್ಚು ಮತ್ತು ಟೈರುಗಳ ಮೇಲೆ, ಅದರಲ್ಲೂ ಹೆಚ್ಚಿನದು ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ.

ಬಾಗಿಲ ಬಳಿಯ ಚೀಟಿ ಹೇಳುವುದು, ಚಾಲಕನೂ ಸೇರಿದಂತೆ ಒಳಗೆ ಕುಳಿತವರ ಮತ್ತು ಹೇರಿದ ಸರಕಿನ ಒಟ್ಟು ತೂಕ 1,650 ಪೌಂಡ್, ಅಂದರೆ ಸುಮಾರು 748 ಕಿಲೋ ಮೀರಬಾರದು ಎಂದು. ಈಗ ಕೂಡಿಸಿ ನೋಡೋಣ. ಕ್ಯಾಂಪರು 544 ಕಿಲೋ. 20 ಗ್ಯಾಲನ್ ನೀರು 76 ಕಿಲೋ. ತುಂಬಿದ ಸಣ್ಣ ಅನಿಲದ ಸಿಲಿಂಡರು 17, ಬ್ಯಾಟರಿ 27 ಎಂದಿಟ್ಟುಕೊಳ್ಳಿ. ಪರಿಚಯ ಪತ್ರದ ತೂಕದಲ್ಲಿ ಸಾಮಾನ್ಯವಾಗಿ ಸೇರಿರದ ಹವಾನಿಯಂತ್ರಕ, ಬಿಸಿಲು ಚಪ್ಪರ ಮುಂತಾದ ಹೆಚ್ಚುವರಿ ಸಲಕರಣೆಗಳಿಗೆ 90, ಹಾಸಿಗೆ, ಪಾತ್ರೆ, ದಿನಸಿ, ಬಟ್ಟೆಗಳಿಗೆ 110, ನಿಮ್ಮ ನಾಲ್ವರಿಗೆ 240. ಒಟ್ಟು 1,104 ಕಿಲೋ. ಮಿತಿಗಿಂತ 356 ಕಿಲೋ ಹೆಚ್ಚು. ನನ್ನ ಅಂದಾಜುಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಿರಬಹುದಾದರೂ ಇಷ್ಟು ದೊಡ್ಡ ಅಂತರವನ್ನು ಅದು ತುಂಬಲಾರದು. ಆದ್ದರಿಂದ ಈ ಟ್ರಕ್ಕಿಗೆ ಈ ಕ್ಯಾಂಪರು ಬೇಡ; ಓಡಿಸಿ ನೋಡುವ ಅಗತ್ಯವೂ ಇಲ್ಲ. ಗಾಳಿ ತುಂಬುವ ಸ್ಪ್ರಿಂಗುಗಳನ್ನು ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕುಸಿದ ಹಿಂಭಾಗವನ್ನು ಅವು ಎತ್ತಬಲ್ಲವೇ ಹೊರತು ಅಚ್ಚು, ಬ್ರೇಕು, ಟೈರುಗಳ ಸಾಮರ್ಥ್ಯವನ್ನು ಹೆಚ್ಚಿಸಲಾರವು.

ಮುಕ್ಕಾಲು ಟನ್ ಅಥವಾ ಒಂದು ಟನ್ ವರ್ಗದ ಟ್ರಕ್ಕಿಗೆ ಬದಲಾಯಿಸುವುದಾದರೆ, ಆ ನಿರ್ದಿಷ್ಟ ಟ್ರಕ್ಕಿನ ಚೀಟಿಯನ್ನೇ ಓದಿ. ಒಂದೇ ಹೆಸರಿನ ಎರಡು ಟ್ರಕ್ಕುಗಳಲ್ಲೂ ಎಂಜಿನ್, ಕ್ಯಾಬು ಮತ್ತು ಸಲಕರಣೆಗಳಿಗೆ ತಕ್ಕಂತೆ ಈ ಅಂಕಿ ಬೇರೆಯಾಗಿರುತ್ತದೆ. ಲೆಕ್ಕ ಕೂಡಿಬಂದ ಮೇಲೆ ಪರೀಕ್ಷೆ ಆರಂಭ. ಮೊದಲು ಟ್ಯಾಂಕ್ ತುಂಬ ಇಂಧನ ಹಾಕಿಸಿ, ಮನೆಯವರೆಲ್ಲ ಕುಳಿತು, ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಯಂತ್ರದಲ್ಲಿ ತೂಗಿಸಿ. ಮುಂದಿನ ಅಚ್ಚಿನ ಮತ್ತು ಹಿಂದಿನ ಅಚ್ಚಿನ ತೂಕವನ್ನು ಅದು ಬೇರೆ ಬೇರೆಯಾಗಿ ಕೊಡುತ್ತದೆ. ಕ್ಯಾಂಪರು ಹೇರಿದ ಮೇಲೆ ಅದೇ ಜಾಗದಲ್ಲಿ ಮತ್ತೆ ತೂಗಿಸಿ, ಪ್ರತಿ ಅಚ್ಚಿನ ತೂಕವನ್ನೂ ಬಾಗಿಲ ಬಳಿಯ ಫಲಕದಲ್ಲಿ ನಮೂದಿಸಿರುವ ಅಚ್ಚಿನ ಮಿತಿಯೊಂದಿಗೆ ಹೋಲಿಸಿ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಅಚ್ಚು ಮಾತ್ರ ಮೀರಿರುವುದು ಉಂಟು.

ಮುಂದಿನ ಅಚ್ಚಿನ ತೂಕ ಕ್ಯಾಂಪರು ಹೇರಿದ ಮೇಲೆ ಕಡಿಮೆಯಾಗಿದ್ದರೆ ಅದು ಕೆಟ್ಟ ಸೂಚನೆ. ನಮ್ಮ ಊರಿನ ಎತ್ತಿನ ಬಂಡಿಯನ್ನು ಹೇರಿದವರಿಗೆ ಇದು ಗೊತ್ತೇ ಇದೆ: ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಕ್ಯಾಂಪರಿನ ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಹೋದರೆ ಮುಂದಿನ ಗಾಲಿಗಳ ಹಿಡಿತ ಸಡಿಲವಾಗಿ, ಸ್ಟಿಯರಿಂಗ್ ಹಗುರವಾಗಿ, ದೀಪದ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಅಮೆರಿಕದ ನಿಯಮದಂತೆ ಇಂಥ ಕ್ಯಾಂಪರಿನ ಮೇಲೆ ತೂಕದ ಮತ್ತು ಹೇರಿಕೆಯ ಮಾಹಿತಿಯ ಚೀಟಿ ಇರಬೇಕು. ಕ್ಯಾಂಪರು ಹೊರಬಲ್ಲ ಟ್ರಕ್ಕಿನ ತಯಾರಕರು ಗುರುತ್ವ ಕೇಂದ್ರ ಯಾವ ಮಿತಿಯೊಳಗೆ ಇರಬೇಕೆಂಬುದನ್ನು ತಿಳಿಸಬೇಕು. ಎರಡನ್ನೂ ಕೇಳಿ ಪಡೆದು ಅಳತೆ ಪಟ್ಟಿ ಹಿಡಿದು ನೋಡಿ.

ಮರಳಿನ ಚೀಲದ ವಿಷಯ. ಟ್ರಕ್ಕಿನ ಮಿತಿಯೊಳಗೆ, ಸಾಮಾನು ತುಂಬಿದ ಕ್ಯಾಂಪರಿನಷ್ಟೇ ತೂಕದ ಮರಳನ್ನು ತುಂಬಿ, ಜಾರದಂತೆ ಕಟ್ಟಿ ಓಡಿಸುವುದು ಒಳ್ಳೆಯ ಮೊದಲ ಹೆಜ್ಜೆ. ಏರಿನಲ್ಲಿ ಎಂಜಿನ್ ಎಷ್ಟು ದಣಿಯುತ್ತದೆ, ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ, ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದು ತಿಳಿಯುತ್ತದೆ. ಆದರೆ ಮರಳು ತೊಟ್ಟಿಯ ತಳದಲ್ಲಿ ಕೂರುತ್ತದೆ; ಕ್ಯಾಂಪರಿನ ಭಾರ ಅದಕ್ಕಿಂತ ಬಹಳ ಎತ್ತರದಲ್ಲಿರುತ್ತದೆ, ಕ್ಯಾಬಿನ ಮೇಲೆ ಚಾಚಿದ ಹಾಸಿಗೆಯ ಭಾಗ ಗಾಳಿಗೆ ಎದೆಯೊಡ್ಡುತ್ತದೆ. ಓಲಾಟ ಮತ್ತು ಅಡ್ಡಗಾಳಿ, ಈ ಎರಡನ್ನು ಮರಳು ಎಂದಿಗೂ ತೋರಿಸದು. ಚಾಲಕನನ್ನು ಹೆದರಿಸುವುದೂ ಅಪಘಾತಕ್ಕೆ ದಾರಿಯಾಗುವುದೂ ಇವೇ. ಹಾಗಾಗಿ ಕೊಳ್ಳುವ ಕ್ಯಾಂಪರನ್ನೇ, ಅದು ಸಾಧ್ಯವಾಗದಿದ್ದರೆ ಅದೇ ಗಾತ್ರದ ಬೇರೊಂದನ್ನು ವಾರಾಂತ್ಯಕ್ಕೆ ಬಾಡಿಗೆಗೆ ಪಡೆದು, ನೀರು ತುಂಬಿ, ಸಾಮಾನು ಹೇರಿ ಓಡಿಸಲೇಬೇಕು. ಬಾಡಿಗೆಯ ಹಣ ದಂಡವಲ್ಲ.

ಓಡಿಸುವ ದಿನ ಬೆಳಿಗ್ಗೆ, ತಣ್ಣಗಿರುವ ಟೈರುಗಳ ಒತ್ತಡವನ್ನು ಈ ಭಾರಕ್ಕೆ ತಕ್ಕಷ್ಟು ಮಾಡಿಕೊಳ್ಳಿ. ಟೈರಿನ ಮೇಲೆ ಮುದ್ರಿಸಿದ ಭಾರದ ಮಿತಿಯನ್ನೂ ನೋಡಿ. ಮೊದಲು ಖಾಲಿ ಮೈದಾನದಲ್ಲಿ, ಉಬ್ಬಿನ ಮೇಲೆ ಒಂದು ಬದಿಯ ಗಾಲಿ ಮಾತ್ರ ಹತ್ತುವಂತೆ ನಿಧಾನವಾಗಿ ಓಡಿಸಿ. ಒಂದೆರಡು ಸಲ ತೂಗಿ ನಿಂತರೆ ಸಮಾಧಾನ; ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಷಾಕ್ ಅಬ್ಸಾರ್ಬರು ಅಥವಾ ಓಲಾಟ ತಡೆಯುವ ಪಟ್ಟಿ ಸಾಲದೆಂದು ಅರ್ಥ. ಆಮೇಲೆ 50 ಕಿಲೋಮೀಟರ್ ವೇಗದಿಂದ ಜೋರಾಗಿ ಬ್ರೇಕು ಹಾಕಿ ನೋಡಿ. ಅದೇ ವೇಗದಲ್ಲಿ ಮೆಲ್ಲಗೆ ಪಥ ಬದಲಾಯಿಸಿ, ಮತ್ತೆ ಮೊದಲಿನ ಪಥಕ್ಕೆ ಬನ್ನಿ. ಮೈ ಬೆವರಿದರೆ ಹೆದ್ದಾರಿಗೆ ಹೋಗಬೇಡಿ.

ನಿಮ್ಮ ಊರಿನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ಇದಕ್ಕೆ ಕಠಿಣವಾದ ಪರೀಕ್ಷಾ ಮಾರ್ಗ. ಅದು ಸುಮಾರು 11,158 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದವರೆಗೆ ಏರುತ್ತದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಎಂಜಿನಿನ ಶಕ್ತಿ ಬಹಳ ಕುಗ್ಗುತ್ತದೆ. ಏರುವುದಕ್ಕಿಂತ ಇಳಿಯುವುದೇ ಮುಖ್ಯ: ಸುರಂಗದಿಂದ ಪಶ್ಚಿಮಕ್ಕೆ ಇಳಿಯುವಾಗ ಕಡಿಮೆ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿಯಬೇಕು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು. ಸುಟ್ಟ ವಾಸನೆ ಬಂದರೆ ಅಥವಾ ಪೆಡಲು ಮೆದುವಾದರೆ ಸುರಕ್ಷಿತವಾದ ಜಾಗ ನೋಡಿ ಕೂಡಲೇ ನಿಲ್ಲಿಸಿ, ತಣ್ಣಗಾಗುವವರೆಗೆ ಕಾಯಿರಿ. ಗಾಳಿಯ ಪರೀಕ್ಷೆ ಬೇರೆಯೇ. ದೊಡ್ಡ ಸರಕು ಲಾರಿ ನಿಮ್ಮನ್ನು ದಾಟಿಹೋಗುವಾಗ ಟ್ರಕ್ಕು ಎಷ್ಟು ಪಕ್ಕಕ್ಕೆ ಸರಿಯುತ್ತದೆ, ಅದನ್ನು ತಿದ್ದಲು ಎಷ್ಟು ಶ್ರಮ ಬೇಕು ಎಂಬುದನ್ನು ಗಮನಿಸಿ. ಉತ್ತರದ ವಯೋಮಿಂಗಿನ ಐ-80 ಹೆದ್ದಾರಿಯನ್ನು ಬಿರುಗಾಳಿ ಇರುವಾಗ ಹಗುರವಾದ ಎತ್ತರದ ವಾಹನಗಳಿಗೆ ಮುಚ್ಚುವುದುಂಟು. ಅಂಥ ದಿನ ಪರೀಕ್ಷೆಗೆಂದು ಅಲ್ಲಿಗೆ ಹೋಗುವುದು ಬೇಡ.

ಅರ್ಧ ಗಂಟೆ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ, ಕ್ಯಾಂಪರನ್ನು ಬಿಗಿದ ನಾಲ್ಕೂ ಕಟ್ಟುಗಳನ್ನು ಪರೀಕ್ಷಿಸಿ, ಕ್ಯಾಬಿಗೂ ಕ್ಯಾಂಪರಿಗೂ ನಡುವಿನ ಸಂದು ಮೊದಲಿನಷ್ಟೇ ಇದೆಯೇ ಎಂದು ಅಳೆಯಿರಿ. ಕೊನೆಯದಾಗಿ ನಿಮ್ಮ ಪತ್ನಿ ಅಥವಾ ಪತಿಯೂ ಅದನ್ನು ಓಡಿಸಲಿ, ಮಕ್ಕಳು ಹಿಂದಿನ ಸೀಟಿನಲ್ಲಿರಲಿ. ದೀರ್ಘ ಪ್ರಯಾಣದಲ್ಲಿ ಚಕ್ರ ಹಿಡಿಯುವವರು ಒಬ್ಬರೇ ಅಲ್ಲವಷ್ಟೇ. ಇಂಥ ಪರೀಕ್ಷೆಗೆ ಅವಕಾಶ ಕೊಡದ ಮಾರಾಟಗಾರರಿಂದ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬೇಡಿ.